ಚಿಕ್ಕಮ್ಮನ ಪ್ರಶ್ನೆಗಳು

ನಮ್ಮ ಚಿಕ್ಕಮ್ಮನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡಬೇಕೆಂದು ಒಮ್ಮೆಯೂ ಅನ್ನಿಸದವರು ಗುಂಡ್ಲುಪೇಟೆಯಲ್ಲಿ ಯಾರಾದರೂ ಇದ್ದರೆ, ಅವರು ನಿನ್ನೆಯಷ್ಟೇ ಬಾಡಿಗೆಗೆ ಬಂದವರಿರಬೇಕು!

ಚಿಕ್ಕಮ್ಮ ಸಮಾಜಸೇವೆಯನ್ನು ಓದಿ ಕಲಿತವರು. ಮೊದಲು ಚಾಮರಾಜನಗರದಲ್ಲಿದ್ದು, ಈಗ ಇಲ್ಲಿನ ಈರುಳ್ಳಿ ಮಂಡಿ ಹಿಂದಿನ ಬಡಾವಣೆಯ ಸೇವಾಕೇಂದ್ರಕ್ಕೆ ಮುಖ್ಯಸ್ಥೆ. ಮನೆಮನೆಯ ಪರಿಸ್ಥಿತಿ ತಿಳಿಯುವುದು ಅವರ ಕೆಲಸ, ಒಪ್ಪೋಣ. ಆದರೆ ಅದಕ್ಕಾಗಿ ಸೀದಾ ಅಡುಗೆಮನೆಗೆ ನುಗ್ಗಿ ಸಾರಿನ ಪಾತ್ರೆಯ ಮುಚ್ಚಳ ಎತ್ತಬೇಕೆ?

ಒಮ್ಮೆ ನಾನೂ ಚಿಕ್ಕಮ್ಮನೂ ಚಾಮರಾಜನಗರದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ತೆರಕಣಾಂಬಿ ಬರುವಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸಿನ ಅತ್ತೆ-ಸೊಸೆ ಜಗಳ ಪೂರ್ತಿ ಹೊರಬಂದಿತ್ತು. "ನೀನು ಹೋಗಿರು ಕಣಮ್ಮಿ," ಎಂದವರೇ ರಾಜಿ ಮಾಡಿಸಲು ಆಕೆಯ ಜೊತೆ ಇಳಿದೇಬಿಟ್ಟರು! ಚಿಕ್ಕಮ್ಮನ ಊಟದ ಡಬ್ಬಿ ಹಿಡಿದುಕೊಂಡು ನಾನೊಬ್ಬಳೇ ಊರು ಸೇರಿದೆ.

ಆ ವರ್ಷ ಒಂದು ದೊಡ್ಡ ಯೋಚನೆ ಅವರ ತಲೆಗೆ ಹತ್ತಿತು. ಮಂಡಿಯಲ್ಲಿ ಈರುಳ್ಳಿ ಆರಿಸುವ ಹೆಂಗಸರು ಕೂಸುಗಳನ್ನು ಮೂಟೆಗಳ ನಡುವೆ ಮಲಗಿಸುತ್ತಿದ್ದರು. ತೆವಳಿಕೊಂಡು ಹೋದ ಕೂಸೊಂದು ಹಿಂದಕ್ಕೆ ಬರುತ್ತಿದ್ದ ಲಾರಿಯ ಚಕ್ರದಿಂದ ಗೇಣುದ್ದದಲ್ಲಿ ಪಾರಾಯಿತು. ಅಂದಿನಿಂದ ಚಿಕ್ಕಮ್ಮನಿಗೆ ಕೂಸುಗಳನ್ನು ಇರಿಸಲು ಒಂದು ಜಾಗ ಬೇಕೇಬೇಕು. ದೊಡ್ಡ ಹಾಲ್ ಇದ್ದದ್ದು ಮಂಡಿ ಪಕ್ಕದ ಒಂದೇ ಮನೆಯಲ್ಲಿ. ಅಲ್ಲಿದ್ದವರು ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದು ನಿವೃತ್ತರಾದ ಒಂಟಿ ಮುದುಕರು. ಕದ ತಟ್ಟಿದವರನ್ನು ಕಿಟಕಿಯಿಂದಲೇ ಓಡಿಸುವುದು ಅವರ ದಿನಚರಿ.

ಚಿಕ್ಕಮ್ಮ ಜಾಗ ಕೇಳಲೇ ಇಲ್ಲ. ಕಿಟಕಿಯ ಕೆಳಗೆ ನಿಂತು, "ಅಣ್ಣ, ಕಾಡೆಮ್ಮೆ ಕಾಲಿಗೆ ಬಿಳೀ ಸಾಕ್ಸ್ ಹಾಕ್ಕೊಂಡಂಗೆ ಯಾಕಿರ್ತದೆ?" ಎಂದರು.

"ನನ್ನೇನಮ್ಮ ಕೇಳೀಯೆ? ನಾನೇನ್ ತೊಡಿಸ್ಬುಟ್ಟಿದ್ನಾ? ಓಗಮ್ಮ!"

ಹೋಗುವವರೇ? ಮರುದಿನ ಕೆನ್ನಾಯಿ ಬಗ್ಗೆ ಕೇಳಿದರು, ಅದರ ಮರುದಿನ ನವಿಲಿನ ಬಗ್ಗೆ. ಮುದುಕರು ಬೈಯುತ್ತಲೇ ಉತ್ತರ ಕೊಡತೊಡಗಿದರು. ಕೊನೆಗೆ ಒಂದು ದಿನ ಚಿಕ್ಕಮ್ಮ, "ಒಬ್ಬರಿಗೆ ಇಷ್ಟು ದೊಡ್ಡ ಹಾಲ್ ಯಾಕಣ್ಣ?" ಎಂದರು.

ಮುದುಕರು ಹಿಂದೆ ತಿರುಗಿ ಹಾಲ್ ಕಡೆ ನೋಡಿದರು. "ಮಕ್ಳಾಯ್ತವೆ, ಓಡಾಡ್ಕೊಂಡಿರ್ಲಿ ಅಂತ ನನ್ನೆಂಡ್ರು ಕಟ್ಟಿಸ್ದ್ಲು ಕಣವ್ವ. ಆಗ್ನಿಲ್ಲ. ಈಗ ಅವ್ಳೂ ಇಲ್ಲ."

ಚಿಕ್ಕಮ್ಮ ಆಗ ಕೂಸುಗಳ ವಿಷಯ ಹೇಳಿದರು. ಮುದುಕರು ಕಿಟಕಿ ಮುಚ್ಚಿಬಿಟ್ಟರು. ಕೆಟ್ಟಿತು ಕೆಲಸ ಎಂದುಕೊಂಡೆ ನಾನು. ಆದರೆ ಮರುದಿನ ಹಾಲ್‌ನ ಬಾಗಿಲು ಹಾರು ಹೊಡೆದಿತ್ತು, ನೆಲ ತೊಳೆದಿತ್ತು!

"ಒಂದ್ ಮಾತು," ಎಂದರು ಮುದುಕರು. "ಗಲಾಟೆ ಗಿಲಾಟೆ ಆಗ್ಬಾರ್ದು, ಈಗ್ಲೇ ಹೇಳ್ಬುಟ್ಟಿವ್ನಿ."

ಒಂದು ಹಾಲ್ ತುಂಬ ಕೂಸುಗಳು, ಗಲಾಟೆ ಮಾತ್ರ ಆಗಬಾರದಂತೆ! "ಖಂಡಿತ ಅಣ್ಣ, ಉಸಿರೆತ್ತಲ್ಲ," ಎಂದು ಚಿಕ್ಕಮ್ಮ ಮುಖ ಗಂಭೀರ ಮಾಡಿಕೊಂಡು ಒಪ್ಪಿದರು.

ತಿಂಗಳ ಮೇಲೆ ಒಂದು ಮಧ್ಯಾಹ್ನ ನಾನು ಅಲ್ಲಿಗೆ ಹೋದೆ. ಕೂಸುಗಳ ಕಿರುಚಾಟ ಬೀದಿಗೆಲ್ಲ ಕೇಳುತ್ತಿತ್ತು. ಅದರ ನಡುವೆ ಮುದುಕರು ಗೋಡೆಗೆ ಒರಗಿ ಕೂತಿದ್ದರು. ಎದೆಯ ಮೇಲೆ ಒಂದು ಕೂಸು ಬಾಯಿ ತೆರೆದು ನಿದ್ದೆ ಹೋಗಿತ್ತು. ಕೂಸಿನ ತಾಯಿ ಕೆಲಸ ಮುಗಿಸಿ ಅದನ್ನು ಎತ್ತಿಕೊಳ್ಳಲು ಬಂದಳು. ಚಿಕ್ಕಮ್ಮ ಬಾಗಿಲಲ್ಲೇ ಅವಳ ಕೈ ಹಿಡಿದರು.

"ಇನ್ನೊಂದ್ ಗಳಿಗೆ ಇರ್ಲಿ ಕಣವ್ವ."

ಅವಳು ಒಳಗೆ ನೋಡಿದಳು. ಹಾಗೇ ಮೆಟ್ಟಿಲ ಮೇಲೆ ಕೂತಳು. ಚಿಕ್ಕಮ್ಮ ಅವಳ ಹಿಂದೆ ಕೂತು, ತಲೆಗೂದಲಿಗೆ ಅಂಟಿದ್ದ ಈರುಳ್ಳಿ ಸಿಪ್ಪೆಗಳನ್ನು ಒಂದೊಂದಾಗಿ ಬಿಡಿಸತೊಡಗಿದರು.