ಹಳೇದು, ಹೊಸದು ಮತ್ತು ಧಾರೆಯ ಫೋಟೋ

ಫೋಟೋದವನ ಕೆಲಸ ಕ್ಯಾಮೆರಾ ಮುಂದೆ ನಿಂತವರನ್ನು ನಗಿಸುವುದು. ಆದರೆ ಹುಣಸೂರಿನಲ್ಲಿ ಸ್ಟುಡಿಯೋ ತೆರೆದ ದಿನದಿಂದ ನಾನು ಕಂಡಿರುವುದೇ ಬೇರೆ. ಇಲ್ಲಿ ನಗೆಪಾಟಲಾಗುವವನು ಯಾವಾಗಲೂ ಕ್ಯಾಮೆರಾ ಹಿಂದೆ ಇರುತ್ತಾನೆ. ಕಳೆದ ಮದುವೆ ಸೀಸನ್ನಿನಲ್ಲಂತೂ ಕ್ಯಾಮೆರಾ ಎರಡಾದವು, ನಗೆಪಾಟಲೂ ಎರಡರಷ್ಟಾಯಿತು.

ಆದದ್ದಿಷ್ಟು. ನನ್ನ ಜೊತೆ ಸ್ಟುಡಿಯೋ ನೋಡಿಕೊಳ್ಳುವ ಬಾಮೈದ ಹೊಸದೊಂದು ಕ್ಯಾಮೆರಾ ತಂದ. ನನ್ನ ಹತ್ತಿರ ಹಳೆಯದೊಂದಿತ್ತು. ಎರಡೂ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಜಾತಿಯವೇ. ಎರಡೂ ಅವುಗಳ ಕಾಲಕ್ಕೆ ಕಂಪನಿಯ ಬೆಲೆಪಟ್ಟಿಯಲ್ಲಿ ತೀರಾ ಕೆಳಗೆ ಕೂತವೇ. ಒಂದೇ ಬಡ ಮನೆಯ ತಾತ ಮೊಮ್ಮಗ ಅಂದುಕೊಳ್ಳಿ. ಮೊಮ್ಮಗ ನಾಲ್ಕಕ್ಷರ ಹೆಚ್ಚು ಕಲಿತಿದ್ದ, ಅಷ್ಟೆ.

ಮೈಸೂರಿನ ಅಂಗಡಿಯವನು ತಲೆಗೆ ಹುಳ ಬಿಟ್ಟ. "ಹಳೇದನ್ನ ನಮಗೆ ಕೊಟ್ಬಿಡಿ, ಎಕ್ಸ್‌ಚೇಂಜಿನಲ್ಲಿ ಹೊಸದಕ್ಕೆ ಒಳ್ಳೇ ಲೆನ್ಸ್ ಹಾಕಿಕೊಡ್ತೀನಿ" ಅಂದ. ಬಾಮೈದ ಆಗಲೇ ಹಳೆಯದರ ಚೀಲ ಒರೆಸತೊಡಗಿದ. ನಾನು ಚೀಲ ಕಿತ್ತುಕೊಂಡೆ. ನಮ್ಮ ಸ್ಟುಡಿಯೋಗೆ ಹೆಸರು ಬಂದದ್ದೇ ಆ ಹಳೆಯದರಿಂದ. ಕೊನೆಗೆ ನಮ್ಮ ಅಂಗಡಿಯ ಕಂಪ್ಯೂಟರ್ ಮುಂದೆ ಕೂತು ಆಲ್ಬಮ್ ಮಾಡುವ ನನ್ನ ಹೆಂಡತಿಯೇ ಪಂಚಾಯ್ತಿ ಮಾಡಿದಳು.

"ಸೀಸನ್ ಮುಗಿಯೋವರ್ಗೂ ಇಬ್ರೂ ಹೊಡೀರಿ. ಕೊನೇಗೆ ನನ್ ತಂಗಿ ಮದ್ವೆ ಅದೆಯಲ್ಲ, ಅದ್ರಲ್ಲಿ ಯಾವ್ದು ಚೆನ್ನಾಗಿ ತೆಗೀತದೋ ಅದು ಉಳೀಲಿ. ಸೋತದ್ದು ಮೈಸೂರಿಗೆ."

ಅಲ್ಲಿಂದ ಶುರು.

ಅಳತೆ

ಮೊದಲ ಕೆಲಸ ಪಿರಿಯಾಪಟ್ಟಣದ ಕಡೆ, ಹೊಗೆಸೊಪ್ಪು ಬೆಳೆಯುವವರ ಮನೆಯ ಬೀಗರ ಊಟ. ನಾವು ಚೀಲದಿಂದ ಕ್ಯಾಮೆರಾ ತೆಗೆದು ನಾಲ್ಕು ಫೋಟೋ ಹೊಡೆದದ್ದೇ ತಡ, ಹೆಣ್ಣಿನ ತಂದೆ ನನ್ನನ್ನು ಪಕ್ಕಕ್ಕೆ ಕರೆದರು.

"ಏನ್ರೀ ಇದು, ಮಕ್ಕಳಾಟಿಕೆ ತಂದಿದ್ದೀರಿ? ಗಂಡಿನ ಕಡೆಯವ್ರು ನೋಡುದ್ರೆ ನಮ್ ಮರ್ವಾದೆ ಏನಾಗ್ಬೇಕು?"

"ಯಜಮಾನ್ರೇ, ಈಗ ಬರೋವೆಲ್ಲ ಇಂಗೇ ಚಿಕ್ಕವು. ಫೋಟೋ ಚೆನ್ನಾಗಿ ಬತ್ತದೆ."

"ಬತ್ತದೆ, ಸರಿ. ನಮ್ ನೆಂಟರೆಲ್ಲ ಒಟ್ಗೆ ನಿಂತ್ರೆ ಊರು ತುಂಬ್ತದೆ. ಅಷ್ಟು ಜನ ಇಷ್ಟು ಚಿಕ್ಕದ್ರೊಳಗೆ ಎಂಗ್ರೀ ಇಡಿಸ್ತಾರೆ?"

ಬಾಮೈದ ಸೀದಾ ಕಾರಿನ ಹತ್ತಿರ ಹೋದ. ಡಿಕ್ಕಿಯಲ್ಲಿ ವರ್ಷಗಳಿಂದ ಬಿದ್ದಿದ್ದ ಕೆಟ್ಟುಹೋದ ದೊಡ್ಡ ಫ್ಲಾಶನ್ನು ತಂದು ಹೊಸ ಕ್ಯಾಮೆರಾದ ನೆತ್ತಿಗೆ ಸಿಕ್ಕಿಸಿದ. ಮುಂದೆ ಒಂದು ಪ್ಲಾಸ್ಟಿಕ್ ಕೊಳವೆ, ಕೆಳಗೆ ಒಂದು ಕಬ್ಬಿಣದ ಹಿಡಿ ಕಟ್ಟಿದ. ನೋಡಲು ಪಂಪ್‌ಸೆಟ್ಟಿನಂತಾಯಿತು. ಅವುಗಳಲ್ಲಿ ಒಂದೂ ಕೆಲಸ ಮಾಡುತ್ತಿರಲಿಲ್ಲ. ಯಜಮಾನರ ಮುಖ ಅರಳಿತು. "ಇದು ಕಣ್ರೀ ಕ್ಯಾಮೆರಾ" ಎಂದು ಬೀಗರನ್ನು ತಾವೇ ಕೈಹಿಡಿದು ಕರೆತಂದರು.

ಆಲ್ಬಮ್ ಆರಿಸಲು ಬಂದ ದಿನವೂ ಯಜಮಾನರು ಅದನ್ನು ಮರೆತಿರಲಿಲ್ಲ. "ದೊಡ್ಡದ್ರಲ್ಲಿ ಹೊಡ್ದವು ಬಲೇ ಚೆನ್ನಾಗವೆ. ಮೊದ್ಲು ಆ ಚಿಕ್ಕದ್ರಲ್ಲಿ ಹೊಡ್ದ್ರಲ್ಲ, ಅವ್ನ ಮಾತ್ರ ಹಾಕ್ಬೇಡಿ ಕಣ್ರೀ."

ಹಾಲ್‌ನಲ್ಲಿರುವವಳು

ಹೊಸ ಕ್ಯಾಮೆರಾದ ದೊಡ್ಡ ವಿದ್ಯೆಯೆಂದರೆ ಅದು ತಾನೇ ಕಣ್ಣು ಹುಡುಕಿ ಫೋಕಸ್ ಮಾಡುತ್ತದೆ. ಮನುಷ್ಯರ ಕಣ್ಣು ಬೇಕೆಂದರೆ ಮನುಷ್ಯರದು, ಪ್ರಾಣಿಗಳದು ಬೇಕೆಂದರೆ ಪ್ರಾಣಿಗಳದು. ಯಾವುದು ಅಂತ ನಾವು ಮೊದಲೇ ಹೇಳಿರಬೇಕು. ಬಾಮೈದ ಒಂದು ದಿನ ನಾಗರಹೊಳೆ ರಸ್ತೆಗೆ ಹೋಗಿ ಜಿಂಕೆ ಹೊಡೆದು, ಅಂದರೆ ಜಿಂಕೆಯ ಫೋಟೋ ಹೊಡೆದು ಬಂದಿದ್ದ. ವಾಪಸ್ ಮನುಷ್ಯರಿಗೆ ತಿರುಗಿಸುವುದನ್ನು ಮರೆತಿದ್ದ.

ಮಾರನೆಯ ದಿನ ಗಾವಡಗೆರೆಯಲ್ಲಿ ಗೃಹಪ್ರವೇಶ. ಮೊದಲು ಹಸು ಒಳಗೆ ಹೋಗಬೇಕು, ಹಿಂದೆ ಮನೆಯ ಯಜಮಾನ ದಂಪತಿ. ನನ್ನ ಹಳೆಯದು ಮಬ್ಬು ಬೆಳಕಿನಲ್ಲಿ ಫೋಕಸ್ ಸಿಗದೆ ಹಿಂದೆ ಮುಂದೆ ತಡಕಾಡಿ, ಕೊನೆಗೆ ಸಿಕ್ಕಿತು ಎನ್ನುವಷ್ಟರಲ್ಲಿ ಹಸು ಒಳಗೆ ಹೋಗಿ ಬಾಲ ಮಾತ್ರ ಹೊರಗಿತ್ತು. ಬಾಮೈದನದು ಮಿಂಚಿನಂತೆ ಹಿಡಿಯಿತು. ಹಸುವಿನ ಒಂದೊಂದು ರೆಪ್ಪೆಯೂ ಎಣಿಸುವಂತಿತ್ತು. ಹಿಂದಿದ್ದ ದಂಪತಿ ಹೋಮದ ಹೊಗೆಯಲ್ಲಿ ಕರಗಿಹೋದ ಹಾಗಿದ್ದರು.

ಯಜಮಾನರು ಅಂಗಡಿಗೆ ಬಂದು ರೇಗಿದರು. "ಮನೆ ಕಟ್ಟಿದೋನು ನಾನು. ನನ್ ಮುಖ ಎಲ್ಲಯ್ಯಾ?"

ಅವರ ಹೆಂಡತಿ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: "ನಿಮ್ ಮುಖ ದಿನಾ ನೋಡ್ತೀನಿ, ಬುಡಿ. ಲಕ್ಷ್ಮಿ ಎಷ್ಟು ಲಕ್ಷಣವಾಗಿ ಬಂದವ್ಳೆ. ಇದ್ನೇ ದೊಡ್ಡದು ಮಾಡ್ಸಿ."

ದೊಡ್ಡದು ಮಾಡಿಸಿ ಹಾಲ್‌ನ ಗೋಡೆಗೆ ಹಾಕಿದರು. ಹಸು ಮಾತ್ರ ಅವರದಲ್ಲ, ಆ ಹೊತ್ತಿಗೆಂದು ಎದುರು ಮನೆಯಿಂದ ಹಿಡಿದು ತಂದದ್ದು. ಈಗ ಎದುರು ಮನೆಯವರು ಬಂದುಹೋಗುವವರಿಗೆಲ್ಲ ಹೇಳುತ್ತಾರಂತೆ: "ಮನೆ ಅವರ್ದು. ಹಾಲ್‌ನಲ್ಲಿರೋಳು ನಮ್ಮೋಳು."

ಬಂದವರು, ಬಾರದವರು

ನಾನು ಒಂದು ವಾರ ಖುಷಿಯಾಗಿದ್ದೆ. ಆಮೇಲೆ ಕೆ.ಆರ್. ನಗರದ ರಿಸೆಪ್ಷನ್ ಬಂತು.

ನನ್ನ ಹಳೆಯದಕ್ಕೂ ಮುಖ ಗುರುತಿಸಲು ಬರುತ್ತದೆ, ಆದರೆ ಹಳೇ ಕಾಲದ ಬುದ್ಧಿ: ಎಲ್ಲಕ್ಕಿಂತ ದೊಡ್ಡ ಮುಖ ಯಾವುದೋ ಅದಕ್ಕೇ ಮರ್ಯಾದೆ. ವೇದಿಕೆಯ ಹಿಂದೆಯೇ ಊರಿನ ಹುಡುಗರು ವಧೂವರರಿಗೆ ಶುಭ ಕೋರುವ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ವಧೂವರರು ಮೂಲೆಯಲ್ಲಿ ಅಂಗೈಯಷ್ಟಿದ್ದರು. ನಡುವೆ ಕೈಮುಗಿದು ನಿಂತ ಸ್ಥಳೀಯ ಲೀಡರೊಬ್ಬರ ಮುಖ ಎತ್ತಿನಗಾಡಿಯ ಚಕ್ರದಷ್ಟಿತ್ತು. ಖಂಡಿತ ಬರುತ್ತೇನೆಂದು ಹೇಳಿದ್ದ ಲೀಡರು ಬಂದಿರಲಿಲ್ಲ. ಫ್ಲೆಕ್ಸ್ ಮಾತ್ರ ಬೆಳಗಿನಿಂದ ಕಾದು ನಿಂತಿತ್ತು.

ಅಂಗಡಿಯಲ್ಲಿ ಫೋಟೋಗಳನ್ನು ತೆರೆದು ಹೆಂಡತಿ ಕೇಳಿದಳು: "ರೀ, ಮದ್ವೆ ಯಾರ್ದು?" ಒಂದೊಂದು ಫೋಟೋದಲ್ಲೂ ಲೀಡರ ಮೀಸೆ ಎಣಿಸುವಂತಿತ್ತು, ಮುಂದೆ ಮಂಜುಮಂಜಾಗಿ ಇಬ್ಬರು ಯಾರೋ ನಿಂತಿದ್ದರು. ಬಾಮೈದ ನಕ್ಕೂ ನಕ್ಕೂ ಸ್ಟೂಲಿನಿಂದ ಜಾರಿದ. "ಭಾವ, ನಿಮ್ ಕ್ಯಾಮೆರಾಗೆ ಎಲೆಕ್ಷನ್‌ಗೆ ಟಿಕೆಟ್ ಕೊಡ್ಸಣ."

ಪುಣ್ಯಕ್ಕೆ ಅವನ ಹೊಸದರಲ್ಲಿ ಮದುಮಕ್ಕಳು ಸರಿಯಾಗಿ ಬಂದಿದ್ದರು, ಆಲ್ಬಮ್ ಆಯಿತು. ಆದರೂ ಗಂಡಿನ ತಂದೆ ನನ್ನ ಫೋಟೋಗಳನ್ನು ಒಂದೊಂದಾಗಿ ನೋಡಿ, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ನಿಧಾನವಾಗಿ ಹೇಳಿದರು: "ಬರ್ದೇ ಇದ್ದೋರ್ನ ಬಂದಂಗ್ ಮಾಡಿದ್ದೀಯ. ಬಂದಿದ್ದ ನಮ್ಮನ್ನ ಬರ್ದೇ ಇದ್ದಂಗ್ ಮಾಡಿದ್ದೀಯ. ನೀನು ಫೋಟೋ ತೆಗ್ಯೋ ಬದ್ಲು ಪೇಪರ್ ನಡ್ಸಬಹುದು ಕಣಯ್ಯ."

ಟಕ್

ಹೊಸ ಕ್ಯಾಮೆರಾ ಸದ್ದೇ ಮಾಡದೆ ಫೋಟೋ ತೆಗೆಯುತ್ತದೆ. ಬಾಮೈದನಿಗೆ ಅದು ದೊಡ್ಡ ಹೆಮ್ಮೆ. ಮಿರ್ಲೆಯ ಮದುವೆಯಲ್ಲಿ ಆ ಹೆಮ್ಮೆ ಇಳಿಯಿತು.

ವೇದಿಕೆ ಮೇಲೆ ಮದುಮಕ್ಕಳ ಪಕ್ಕ ಊರಿನ ಹಿರಿಯರೆಲ್ಲ ಸಾಲಾಗಿ ನಿಂತರು. ನಡುವೆ ಪೇಟ ಸುತ್ತಿದ ಅಜ್ಜ. ಬಾಮೈದ ಹೊಡೆದು, "ಆಯ್ತು ತಾತ, ಇಳೀರಿ" ಅಂದ.

"ಎಲ್ಲಾಯ್ತು? ಟಕ್ ಅನ್ನೇ ಇಲ್ವಲ್ಲ."

"ಇದು ಸದ್ದು ಮಾಡಕಿಲ್ಲ ತಾತ. ನೋಡಿ" ಎಂದು ಅವನು ಕ್ಯಾಮೆರಾದ ಪರದೆಯನ್ನು ಮುಂದಕ್ಕೆ ತಿರುಗಿಸಿ ತೋರಿಸಿದ. ಪರದೆಯಲ್ಲಿ ಅಜ್ಜನ ಮುಖವೇ ಕಂಡಿತು. ಅಜ್ಜ ತಲೆಯಾಡಿಸಿದರೆ ಅದೂ ತಲೆಯಾಡಿಸಿತು.

"ಇದು ಕನ್ನಡಿ ಕಣ್ಲಾ. ನನ್ಗೇ ಟೋಪಿ ಆಕ್ತೀಯಾ?"

ಅಜ್ಜ ಇಳಿಯಲಿಲ್ಲ. ಅಜ್ಜ ಇಳಿಯದೆ ಬೇರೆಯವರು ಇಳಿಯುವ ಹಾಗಿಲ್ಲ. ಕೆಳಗೆ ಪಂಕ್ತಿಯಲ್ಲಿ ಎಲೆ ಹಾಕಿಯಾಗಿತ್ತು, ಅನ್ನ ಆರುತ್ತಿತ್ತು. ಆಗ ನಾನು ನನ್ನ ಹಳೆಯದನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತು ಒತ್ತಿದೆ. ಅದರ ಟಕ್ ಛತ್ರದ ಅಡುಗೆಮನೆವರೆಗೂ ಕೇಳುತ್ತದೆ. "ಆಂ, ಈಗಾಯ್ತು" ಎಂದು ಅಜ್ಜ ಇಳಿದರು.

ಅಲ್ಲಿಂದಾಚೆ ಅದೇ ಪದ್ಧತಿಯಾಯಿತು. ಅವನು ಫೋಟೋ ಹೊಡೆಯುವುದು, ನಾನು ಸದ್ದು ಹೊಡೆಯುವುದು. ಒಂದೇ ಫೋಟೋ ಎರಡೆರಡು ಸಲ ಯಾಕೆಂದು ನನ್ನದರ ಮೆಮೊರಿ ಕಾರ್ಡನ್ನು ತೆಗೆದಿಟ್ಟು, ಕಾರ್ಡ್ ಇಲ್ಲದಿದ್ದರೂ ಒತ್ತಲು ಬರುವ ಹಾಗೆ ಮಾಡಿಕೊಂಡೆ. ಪರದೆಯ ಮೂಲೆಯಲ್ಲಿ ಕಾರ್ಡ್ ಇಲ್ಲ, ಕಾರ್ಡ್ ಇಲ್ಲ ಎಂದು ಕಿತ್ತಳೆ ಬಣ್ಣದ ದೀಪ ಮಿಟುಕುತ್ತಿತ್ತು. ಒಂದೆರಡು ಮದುವೆ ಕಳೆಯುವಷ್ಟರಲ್ಲಿ ಅದು ನನ್ನ ಕಣ್ಣಿಗೆ ಬೀಳುವುದನ್ನೇ ಬಿಟ್ಟಿತು.

ಆವತ್ತು ಹೊರಡುವಾಗ ಮಿರ್ಲೆಯ ಅಜ್ಜ ನನ್ನ ಬೆನ್ನು ತಟ್ಟಿದ್ದರು. "ಕೆಲ್ಸ ಅಂದ್ರೆ ನಿನ್ದು ಕಣಪ್ಪ. ಅವ್ನು ಸುಮ್ನೆ ನಿಂತಿದ್ದ. ಅವ್ನಿಗೂ ಒಂದೆಲೆ ಆಕ್ಸು, ಪಾಪ."

ಧಾರೆ

ಕೊನೆಗೆ ಆ ಮದುವೆ ಬಂತು, ನನ್ನ ಹೆಂಡತಿಯ ತಂಗಿಯದು, ಎಚ್.ಡಿ. ಕೋಟೆಯ ಕಲ್ಯಾಣ ಮಂಟಪದಲ್ಲಿ. ಅತ್ತೆ ಮಾವ ಎನ್. ಬೇಗೂರಿನಿಂದ ಎರಡು ದಿನ ಮೊದಲೇ ಬಂದಿಳಿದಿದ್ದರು. ಇವತ್ತು ಬರೀ ಸದ್ದಲ್ಲ, ಹಳೆಯದರಲ್ಲಿ ನಿಜವಾದ ಫೋಟೋ ತೆಗೆದು ಗೆಲ್ಲಬೇಕು ಎಂದು ನಾನು ಪಣ ತೊಟ್ಟಿದ್ದೆ. ಬಾಮೈದನೂ ಅಷ್ಟೆ. ಪರದೆಯ ಮೇಲಿನ ಅಕ್ಷರ, ಗುರುತುಗಳೆಲ್ಲ ಕಣ್ಣಿಗೆ ಅಡ್ಡ ಬರುತ್ತವೆಂದು ಅವನ್ನೆಲ್ಲ ಮರೆಮಾಡಿಕೊಂಡೇ ಬಂದಿದ್ದ.

ಮುಹೂರ್ತಕ್ಕೆ ನಾನು ಮಂಟಪದ ಎಡಕ್ಕೆ ನಿಂತೆ, ಅವನು ಬಲಕ್ಕೆ. ನಾನು ಒಂದು ಹೆಜ್ಜೆ ಮುಂದಿಟ್ಟರೆ ಅವನೂ ಒಂದು ಹೆಜ್ಜೆ. ಪುರೋಹಿತರು "ಹೆಣ್ಣಿನ ಅಣ್ಣ ಎಲ್ಲಪ್ಪಾ, ಅರಳು ಹಾಕ್ಬೇಕು" ಎಂದು ಕೂಗಿದರೆ, ಹೆಣ್ಣಿನ ಅಣ್ಣ ಅವರ ಮೂಗಿನ ಕೆಳಗೇ ಕ್ಯಾಮೆರಾ ಹಿಡಿದುಕೊಂಡು "ತಡೀರಿ ಸ್ವಾಮಿ, ಕಣ್ಣು ಇಡೀತಾ ಅದೆ" ಅಂದ. ಹಿಂದಿನಿಂದ ಜನ "ಫೋಟೋದವ್ರೇ, ಕುಂತ್ಕಳ್ರೀ, ನಮ್ಗೇನೂ ಕಾಣಾಕಿಲ್ಲ" ಎಂದು ಕೂಗುತ್ತಿದ್ದರು. ಕೂತರೆ ಹಳೆಯದು ಮೈಸೂರಿಗೆ ಹೋಗುತ್ತದೆ. ನಾನು ಕೂರಲಿಲ್ಲ. ಅತ್ತೆ ಮಾವ ಧಾರೆ ಎರೆದರು, ತಾಳಿ ಕಟ್ಟಿದ್ದಾಯಿತು, ಜನ ಎಸೆದ ಅಕ್ಷತೆಯಲ್ಲಿ ಮುಕ್ಕಾಲು ಪಾಲು ನಮ್ಮಿಬ್ಬರ ಬೆನ್ನಿಗೆ ಬಿತ್ತು.

ಊಟವಾದ ಮೇಲೆ ಅತ್ತೆ ನೆಮ್ಮದಿಯಾಗಿ ಕೂತು ಸೊಂಟದಿಂದ ಎಲೆಅಡಿಕೆ ಚೀಲ ಬಿಚ್ಚಿದರು. ಅಡಿಕೆ ಚೂರಿನ ಜೊತೆ ಎರಡು ಕಪ್ಪು ಬಿಲ್ಲೆ ಅವರ ಅಂಗೈಗೆ ಬಿದ್ದವು.

"ಅಯ್ಯೋ, ಮರ್ತೇ ಓದೆ ಕಣಪ್ಪ. ರಾತ್ರಿ ನೀವಿಬ್ರೂ ಜಗಳ ಆಡ್ತಿದ್ರಲ್ಲ, ಇವ್ನ ನಿಮ್ಮಕ್ಕ ನನ್ ಕೈಗೆ ಕೊಟ್ಟು, ಬೆಳಿಗ್ಗೆ ಇಬ್ರಿಗೂ ಒಂದೊಂದು ಕೊಡವ್ವ ಅಂದಿದ್ಲು. ಏನಿವು?"

ಅವು ನಮ್ಮ ಕಾರ್ಡುಗಳು. ಹಿಂದಿನ ಸಂಜೆಯ ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡ ಮೇಲೆ ಹೆಂಡತಿ ಅವನ್ನು ಕ್ಯಾಮೆರಾಗೆ ವಾಪಸ್ ಹಾಕಿದ್ದಾಳೆಂದು ನಾವಿಬ್ಬರೂ ನಂಬಿದ್ದೆವು. ನನ್ನ ಕಿತ್ತಳೆ ದೀಪ ಬೆಳಗಿನಿಂದ ಮಿಟುಕುತ್ತಲೇ ಇತ್ತು, ನನಗದು ರೂಢಿಯಾಗಿತ್ತು. ಬಾಮೈದನದು ಕೊಂಡು ತಂದಾಗಲೇ ಕಾರ್ಡಿಲ್ಲದಿದ್ದರೂ ಒತ್ತಿಸಿಕೊಳ್ಳುವ ಕ್ಯಾಮೆರಾ. ಎಚ್ಚರಿಕೆಯನ್ನು ಅವನೇ ಮರೆಮಾಡಿದ್ದ. ಇಬ್ಬರೂ ಧಾರೆಯುದ್ದಕ್ಕೂ ಖಾಲಿ ಡಬ್ಬ ಒತ್ತಿದ್ದೆವು.

ಹೆಂಡತಿ ಪುರೋಹಿತರ ಹತ್ತಿರ ಓಡಿದಳು. ಫೋಟೋಗೆಂದು ಇನ್ನೊಮ್ಮೆ ಧಾರೆ ಎರೆಸಲು ಅವರು ಒಪ್ಪಿದರು. ಗಂಡಿನ ಅಜ್ಜಿ ಒಪ್ಪಲಿಲ್ಲ. "ಎರಡ್ ಸಲ ಎರುದ್ರೆ ಎರಡನೇ ಮದ್ವೆ ಆಯ್ತದೆ. ನಮ್ ಉಡುಗನ ಜಾತಕದಲ್ಲಿ ಒಂದೇ ಇರೋದು." ಅಲ್ಲಿಗೆ ಮುಗಿಯಿತು.

ಮದುಮಗಳು ಕಣ್ಣು ತುಂಬಿಕೊಂಡು "ನಂಗೆ ಧಾರೆ ಎರೆದ ಫೋಟೋ ಒಂದೂ ಇಲ್ವಾ ಭಾವ?" ಎಂದು ಕೇಳಿದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಹುಡುಗಿಯನ್ನು ಅವಳು ಲಂಗ ತೊಡುತ್ತಿದ್ದ ಕಾಲದಿಂದ ನಾನು ನೋಡಿದ್ದೇನೆ.

ಆಗ ಹೆಂಡತಿಗೆ ಹೊಳೆಯಿತು: ಛತ್ರದಲ್ಲಿ ಎಲ್ಲರೂ ಫೋನ್ ಎತ್ತಿದ್ದರಲ್ಲ. ಒಬ್ಬೊಬ್ಬರನ್ನೂ ಹಿಡಿದು ಕಳಿಸಿಕೊಂಡಳು. ಎಲ್ಲರೂ ಸುತ್ತ ಕೂತು ನೋಡಿದೆವು. ಮೊದಲನೆಯದರಲ್ಲಿ ನನ್ನ ಬೆನ್ನು. ಎರಡನೆಯದರಲ್ಲಿ ಬಾಮೈದನ ಬೆನ್ನು. ಆಮೇಲೆ ಎರಡೂ ಬೆನ್ನು. ಪಕ್ಕದಿಂದ ತೆಗೆದದ್ದರಲ್ಲಿ ನನ್ನ ಮೊಣಕೈ, ಮಹಡಿಯಿಂದ ತೆಗೆದದ್ದರಲ್ಲಿ ಇಬ್ಬರ ಬಕ್ಕತಲೆ. ಒಂದೇ ಒಂದರಲ್ಲಿ ಎರಡು ಬೆನ್ನಿನ ಸಂದಿಯಿಂದ ಹಸಿರು ಬಳೆ ತೊಟ್ಟ ಒಂದು ಕೈ, ಅದರ ಮೇಲೆ ಹಾಲು ಬೀಳುತ್ತಿರುವುದು ಕಾಣುತ್ತಿತ್ತು.

ಬಾಮೈದನಿಗೆ ಹೊತ್ತು ಗೊತ್ತು ಒಂದೂ ಇಲ್ಲ. "ಅಕ್ಕ, ಈಗ ಯಾವ್ದು ಮೈಸೂರಿಗೆ ಓಯ್ತದೆ?" ಅಂದ.

"ಕ್ಯಾಮೆರಾ ಎರಡೂ ಇರ್ಲಿ, ಅವೇನ್ ಪಾಪ ಮಾಡವೆ" ಅಂದಳು ಹೆಂಡತಿ. "ಆ ಅಂಗಡಿಯೋನು ಭಾವ ಬಾಮೈದ ಇಬ್ರನ್ನೂ ಎಕ್ಸ್‌ಚೇಂಜ್ ತಗತಾನಾ, ಕೇಳು."

ಹಳೆಯದು ಉಳಿಯಿತು, ನನ್ನ ಮಾನ ಉಳಿಯಲಿಲ್ಲ. ಆ ಕೈ ಕಾಣುವ ಫೋಟೋವನ್ನು ಅತ್ತೆ ದೊಡ್ಡದು ಮಾಡಿಸಿಕೊಂಡು, ಕಟ್ಟು ಹಾಕಿಸಿ, ಎನ್. ಬೇಗೂರಿನ ಮನೆಯ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಯಾರೇ ಬರಲಿ, ಇದೇನು ಫೋಟೋ ಎಂದು ಕೇಳಿಯೇ ಕೇಳುತ್ತಾರೆ. ನಾನು ಅಲ್ಲೇ ಕಾಫಿ ಕುಡಿಯುತ್ತ ಕೂತಿದ್ದರೂ ಅತ್ತೆ ಬಿಡುವುದಿಲ್ಲ, ಎದ್ದು ಹೋಗಿ ಒಂದೊಂದಕ್ಕೂ ಬೆರಳಿಟ್ಟು ತೋರಿಸುತ್ತಾರೆ:

"ಈ ಕಡೆ ಬೆನ್ನು ಅಳಿಯಂದು. ಆ ಕಡೆ ಬೆನ್ನು ಮಗಂದು. ಮಧ್ಯ ಒಂದ್ ಕೈ ಕಾಣ್ತದಲ್ಲ, ಅದು ನನ್ ಚಿಕ್ಕ ಮಗಳು. ಅತ್ಲಾಗೆ ಅವಳ್ ಮದ್ವೆ ಆಯ್ತಾ ಅದೆ."