ಅಣ್ಣನ ದೋಣಿ ಇಂಜಿನ್ನು

ನನಗೆ ಬಾರದ ಕೆಲಸವನ್ನು ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ತಾತ್ಸಾರ. ಬಡಗಿ, ನಲ್ಲಿ ರಿಪೇರಿಯವನು, ಫ್ಯಾನ್ ಕಟ್ಟುವವನು, ಯಾರೇ ಬರಲಿ, ಅವರು ಬಗ್ಗಿ ಕೆಲಸ ಮಾಡುವಾಗ ನಾನು ಹಿಂದೆ ಕೈಕಟ್ಟಿ ನಿಂತು, ಇಷ್ಟಕ್ಕೆ ಇಷ್ಟು ಹೊತ್ತು ಬೇಕೆ ಎಂಬ ಮುಖ ಮಾಡುತ್ತೇನೆ. ಸರ್ಕಾರಿ ಕಚೇರಿಯಲ್ಲಿ ಕೂತು ಬೇರೆಯವರು ಬರೆದ ಟಿಪ್ಪಣಿಗಳ ಮೇಲೆ 'ಮರುಪರಿಶೀಲಿಸಿ' ಎಂದು ಬರೆದೂ ಬರೆದೂ ಬಂದ ಮುಖ ಅದು. ನಿವೃತ್ತಿಯ ದಿನ ಕುರ್ಚಿಯನ್ನು ಬಿಟ್ಟು ಬಂದೆ, ಮುಖವನ್ನು ಬಿಡಲಾಗಲಿಲ್ಲ. ಇಡೀ ದುರ್ಗಿಗುಡಿ ಬಡಾವಣೆಯಲ್ಲಿ ಪ್ಲಂಬರುಗಳು ಎರಡನೇ ಸಲ ಕಾಲಿಡದ ಮನೆ ನಮ್ಮದೊಂದೇ ಎಂದು ನನ್ನ ಹೆಂಡತಿ ಸುಮಿತ್ರೆ ಹೇಳುತ್ತಾಳೆ.

ಇಂಥ ನನಗೆ ಹೋದ ಚಳಿಗಾಲದಲ್ಲಿ ಹೊಳಲೂರಿನಿಂದ ರುದ್ರಣ್ಣನ ಫೋನು ಬಂತು. ರುದ್ರಣ್ಣ ನನ್ನ ಒಡಹುಟ್ಟಿದ ಅಣ್ಣ. ಅವನ ಜಮೀನಿನ ಒಂದು ತುಂಡು ಹೊಳೆಯ ಆಚೆ ದಡದಲ್ಲಿದೆ. ಅಲ್ಲಿಗೆ ಹೋಗಿಬರಲು ಒಂದು ದೋಣಿ, ಆ ದೋಣಿಯ ಬೆನ್ನಿಗೆ ತಗುಲಿಸುವ ಒಂದು ಸಣ್ಣ ಪೆಟ್ರೋಲ್ ಇಂಜಿನ್ನು ಇಟ್ಟುಕೊಂಡಿದ್ದ. ಒಂಬತ್ತು ವರ್ಷದ ಕೆಳಗೆ ಆಫೀಸಿನವರ ದೋಣಿ ಪಿಕ್‌ನಿಕ್ಕಿನಲ್ಲಿ ದೊಡ್ಡಸ್ತಿಕೆ ತೋರಿಸಲು, ಒಂದೇ ಒಂದು ಭಾನುವಾರದ ಮಟ್ಟಿಗೆ ಎಂದು ಹೇಳಿ ನಾನು ಆ ಇಂಜಿನ್ನನ್ನು ತಂದಿದ್ದೆ. ಆ ಭಾನುವಾರ ಮುಗಿಯಿತು. ಮುಂದಿನ ವಾರ ಕೊಟ್ಟರಾಯಿತು ಎಂದುಕೊಂಡೆ. ಆಮೇಲೆ ಅಣ್ಣ ಕೇಳಲಿಲ್ಲ. ಕೇಳಲಿಲ್ಲವೆಂದರೆ ಬೇಡವಾಗಿದೆ ಎಂದು ನಾನೇ ತೀರ್ಮಾನಿಸಿ, ಅದನ್ನು ಹಿತ್ತಲಿನ ಶೆಡ್ಡಿನಲ್ಲಿ ಮೂಲೆಗೆ ಒರಗಿಸಿ ಮೇಲೊಂದು ಹಳೇ ಕಂಬಳಿ ಹೊದಿಸಿದ್ದೆ.

"ತಮ್ಮಾ, ಆ ಇಂಜಿನ್ ಇನ್ನೂ ಇದ್ಯಾ?" ಎಂದು ಅಣ್ಣ ಕೇಳಿದ. "ಡಾಕ್ಟ್ರು ಹುಟ್ಟು ಹಾಕ್ಬೇಡಿ ಅಂದಿದ್ದಾರೆ ಕಣೋ. ಬಲಗಡೆ ಭುಜ ಎತ್ತಕ್ಕೇ ಆಗಲ್ಲ."

"ಇದೆ ಅಣ್ಣ, ಚೆನ್ನಾಗೇ ಇದೆ. ಮುಂದಿನ ಭಾನುವಾರ ನಾನೇ ತರ್ತೀನಿ" ಎಂದೆ. ಫೋನಿಟ್ಟ ಮೇಲೆ ಸುಮಿತ್ರೆ, "ಚೆನ್ನಾಗಿದೆ ಅಂತ ಯಾವಾಗ ನೋಡಿದ್ರಿ?" ಎಂದು ಕೇಳಿದಳು. ನಾನು ಶೆಡ್ಡಿನ ಕಡೆ ನಡೆದೆ.

ಕಂಬಳಿ ಸರಿಸಿದೆ. ಟ್ಯಾಂಕನ್ನು ಅಲುಗಾಡಿಸಿದರೆ ಒಳಗೆ ಏನೋ ಇದೆ ಎನ್ನಿಸಿತು. ಪೆಟ್ರೋಲ್ ಇದ್ದೇ ಇದೆಯಲ್ಲ ಎಂದು ಸಂತೋಷಪಟ್ಟು, ಅದರ ಮೇಲೆ ಇನ್ನಷ್ಟು ಹೊಸ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಎಳೆದೆ, ಎಳೆದೆ, ಸೊಂಟ ಹಿಡಿಯುವ ತನಕ ಎಳೆದೆ. ಪಕ್ಕದ ಮನೆಯ ಗುರುಮೂರ್ತಿಗಳು ಕಾಂಪೌಂಡಿನ ಮೇಲಿಂದ ಕತ್ತು ಹಾಕಿ, "ಪ್ಲಗ್ ನೋಡಿ ಸಾರ್, ಎಲ್ಲಾ ಪ್ಲಗ್ಗಿಂದೇ" ಎಂದರು. ಗುರುಮೂರ್ತಿಗಳು ಜೀವಮಾನವಿಡೀ ಮಕ್ಕಳಿಗೆ ಹಳಗನ್ನಡ ಹೇಳಿಕೊಟ್ಟವರು. ಅವರ ಮನೆಯ ಮಿಕ್ಸಿ ಕೆಟ್ಟಾಗಲೂ ಅವರು ಇದೇ ಮಾತು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆದರೂ ಪ್ಲಗ್ ಬದಲಾಯಿಸಿದೆ. ಏನೂ ಆಗಲಿಲ್ಲ. ಮೊಬೈಲಿನಲ್ಲಿ ಒಬ್ಬ ಮಹಾಶಯನ ವಿಡಿಯೋ ನೋಡಿದೆ. ಕೈಗೆ ಒಂದು ಹನಿ ಎಣ್ಣೆ ಅಂಟದ ಹಾಗೆ ಐದು ನಿಮಿಷದಲ್ಲಿ ಇಂಜಿನ್ ಓಡಿಸಿ, ಲೈಕ್ ಮಾಡಿ ಎಂದು ಕೈಮುಗಿದ. ಬಸ್ ನಿಲ್ದಾಣದ ಹತ್ತಿರದ ಬೈಕ್ ಮೆಕ್ಯಾನಿಕ್ ಬಂದು ಇಂಜಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಇದಕ್ಕೆ ಚಕ್ರಾನೇ ಇಲ್ವಲ್ಲ ಸಾರ್" ಎಂದ. ಅಷ್ಟು ಕಂಡುಹಿಡಿಯುವುದಕ್ಕೆ ಅವನಿಗೆ ಎರಡು ಸಲ ಕಾಫಿ ಆಗಿತ್ತು. ಹೋಗುವಾಗ ಮಾತ್ರ ಒಂದು ಉಪಕಾರ ಮಾಡಿದ. ಭದ್ರಾವತಿಯಲ್ಲಿ ಸೆಲ್ವಮ್ಮ ಅಂತ ಒಬ್ಬರಿದ್ದಾರೆ, ಪಂಪ್‌ಸೆಟ್ ಇಂಜಿನ್ ಕೆಲಸದಲ್ಲಿ ಅವರನ್ನು ಬಿಟ್ಟರಿಲ್ಲ ಎಂದ. ಹೆಂಗಸು, ಅದರಲ್ಲೂ ಭದ್ರಾವತಿ ಎಂದು ನಾನು ಮೂಗು ಮುರಿದೆ. ಗೂಡ್ಸ್ ಆಟೋ ಕರೆಸಿದವಳು ಸುಮಿತ್ರೆ.

ಸೆಲ್ವಮ್ಮನ ಅಂಗಡಿ ಹಳೇ ನಗರದ ಒಂದು ಓಣಿಯಲ್ಲಿತ್ತು. ಅರವತ್ತು ದಾಟಿದವರು, ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ ಹಾಕಿದ್ದರು. ಕಾರ್ಖಾನೆ ಕೆಲಸ ಮುಗಿಸಿ ಬಂದು ಗಂಡ ಶುರು ಮಾಡಿದ ಅಂಗಡಿಯಂತೆ. ಅವರಿಗೆ ಕಣ್ಣು ಮಂಜಾದ ಮೇಲೆ ಈಕೆಯೇ ನಡೆಸುತ್ತಿದ್ದರು. ನಾನು ಕೈಕಟ್ಟಿ ನಿಂತು ನನ್ನ ಮಾಮೂಲಿ ಮುಖ ಮಾಡಿದೆ. ಸೆಲ್ವಮ್ಮ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ, ನನ್ನ ಕಡೆ ತಿರುಗಿ ಅದಕ್ಕಿಂತ ಒಳ್ಳೆಯ ಮುಖ ಮಾಡಿದರು.

"ಎಷ್ಟು ವರ್ಷ ಆಯ್ತು ಸಾರ್?"

"ಒಂದೆರಡು ವರ್ಷ ಇರಬಹುದು" ಎಂದೆ.

ಅವರು ಟ್ಯಾಂಕನ್ನು ಒಂದು ಡಬ್ಬಕ್ಕೆ ಬಗ್ಗಿಸಿದರು. ಹೊಸ ಪೆಟ್ರೋಲ್ ಹರಿದ ಮೇಲೆ, ಅದರ ಹಿಂದೆ ಕಂದು ಬಣ್ಣದ ಏನೋ ಒಂದು ನಿಧಾನವಾಗಿ ಇಳಿಯಿತು. "ಇದು ಪೆಟ್ರೋಲ್ ಇಲ್ಲ ಸಾರ್, ಜೋನಿ ಬೆಲ್ಲ. ದೋಸೆಗೆ ಹಾಕ್ಕೊಂಡು ತಿನ್ಬೋದು" ಎಂದರು. ರಬ್ಬರ್ ಪೈಪನ್ನು ಬಗ್ಗಿಸಿದರು, ಅದು ಚಕ್ಕುಲಿಯ ಹಾಗೆ ಮುರಿಯಿತು. ಕಾರ್ಬುರೇಟರ್ ಬಿಚ್ಚಿದರೆ ಒಳಗೆಲ್ಲ ಅರಗು ಬಳಿದ ಹಾಗೆ ಅಂಟು. "ನಿಂತ್ಕೊಂಡು ಏನ್ ಮಾಡ್ತೀರ, ಕೂತ್ಕೊಳ್ಳಿ, ಇದನ್ನ ಉಜ್ಜಿ" ಎಂದು ಒಂದು ಹಳೇ ಹಲ್ಲುಜ್ಜುವ ಬ್ರಷ್ಷನ್ನು ಕೈಗೆ ಕೊಟ್ಟರು. ಗೆಜೆಟೆಡ್ ಅಧಿಕಾರಿಯಾಗಿ ನಿವೃತ್ತನಾದ ನಾನು ಮಣೆಯ ಮೇಲೆ ಕೂತು ಉಜ್ಜಿದೆ.

ಇಂಜಿನ್ನಿನ ಮೇಲಿನ ಕವರು ತೆಗೆದವರು ಅದರ ಒಳಗೆ ಗೀಚಿದ್ದ ಅಕ್ಷರ ಓದಿದರು. "ರುದ್ರಪ್ಪ, ಹೊಳಲೂರು. ನಿಮ್ ಹೆಸ್ರಾ?"

"ನಮ್ಮಣ್ಣಂದು" ಎಂದೆ. ಆಮೇಲೆ ಏಕೋ ಸುಳ್ಳು ಬಾಯಿಗೆ ಬರಲಿಲ್ಲ. ಒಂಬತ್ತು ವರ್ಷವನ್ನೂ ಅಣ್ಣನ ಭುಜವನ್ನೂ ಹೇಳಿಬಿಟ್ಟೆ.

"ಅಷ್ಟು ವರ್ಷಾನೂ ಕೈಯಲ್ಲೇ ಹುಟ್ಟು ಹಾಕಿದ್ರಾ ಅವ್ರು?" ಎಂದು ಕೇಳಿ ಸೆಲ್ವಮ್ಮ ಮತ್ತೆ ಕೆಲಸಕ್ಕೆ ಬಗ್ಗಿದರು. ನನ್ನ ಮೇಲಧಿಕಾರಿಗಳ ಯಾವ ಬೈಗುಳವೂ ಅಷ್ಟು ನಾಟಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿತ್ತಾಳೆಯ ಒಂದು ಪುಟ್ಟ ತುಂಡನ್ನು ನನ್ನ ಕೈಗಿಟ್ಟರು. ಪೆಟ್ರೋಲ್ ಹಾದುಹೋಗುವ ರಂಧ್ರವಿರುವುದು ಅದರಲ್ಲೇ. "ಬೆಳಕಿಗೆ ಹಿಡೀರಿ. ಏನಾದ್ರೂ ಕಾಣುತ್ತಾ?"

"ಇಲ್ಲ."

ವೈರಿನಿಂದ ಒಂದೇ ಒಂದು ತಾಮ್ರದ ಎಳೆ ಬಿಡಿಸಿ ಅದರಲ್ಲಿ ಪೋಣಿಸಿ, ಮೆಲ್ಲಗೆ ಎಳೆದು, ಊದಿ ಮತ್ತೆ ಕೊಟ್ಟರು. ಸೂಜಿಮೊನೆಯಷ್ಟು ಬೆಳಕು ಕಂಡಿತು. ಇಷ್ಟು ಸಣ್ಣ ತೂತು ಮುಚ್ಚಿದ್ದಕ್ಕೆ ಇಡೀ ಇಂಜಿನ್ನು ಹೆಣದ ಹಾಗೆ ಬಿದ್ದಿತ್ತೇ ಎಂದು ನನಗೆ ಆಶ್ಚರ್ಯವಾಯಿತು. ಹೊಸ ಪೈಪು ಹಾಕಿ, ತುಕ್ಕು ತಿಂದ ಟ್ಯಾಂಕನ್ನೂ ಬದಲಾಯಿಸಿ, ನೀರಿನ ಡ್ರಮ್ಮಿನಲ್ಲಿ ಇಳಿಸಿ ಹಗ್ಗ ಎಳೆದರು. ಮೂರನೇ ಎಳೆತಕ್ಕೆ ಇಂಜಿನ್ನು ಹೊಗೆ ಕಾರಿ ಕೂಗಿತು. ಮೂಲೆಯಲ್ಲಿ ಕೂತಿದ್ದ ಗಂಡ ಕಿವಿ ಕೊಟ್ಟು ಕೇಳಿ, "ನಲ್ಲಾ ಇರುಕ್ಕು" ಎಂದರು. ಅದು ಚೆನ್ನಾಗಿದೆ ಎಂದು ತಿಳಿಯಲು ನನಗೆ ತಮಿಳು ಬೇಕಾಗಲಿಲ್ಲ.

ಭಾನುವಾರ ಬೆಳಿಗ್ಗೆ ಹೊಳಲೂರಿನಲ್ಲಿ ಅಣ್ಣನನ್ನು ಮುಂದೆ ಕೂರಿಸಿ, ಹಿಂದೆ ನಾನು ಇಂಜಿನ್ ಹಿಡಿದು ಹೊರಟೆ. ನಡುಹೊಳೆಗೆ ಬರುವಷ್ಟರಲ್ಲಿ ಅದು ಕೆಮ್ಮಿ, ನಿಂತೇ ಹೋಯಿತು. ದೋಣಿ ನೀರಿನ ಸೆಳೆತಕ್ಕೆ ಅಡ್ಡ ತಿರುಗಿತು. ಅಣ್ಣ ಆ ಕೆಟ್ಟ ಭುಜದಲ್ಲೇ ಹುಟ್ಟಿಗೆ ಕೈಹಾಕಿದ. "ಬೇಡ ಅಣ್ಣ, ಒಂದು ನಿಮಿಷ" ಎಂದು ನಾನು ಬೆನ್ನು ತಿರುಗಿಸಿ ಸೆಲ್ವಮ್ಮನಿಗೆ ಫೋನು ಮಾಡಿದೆ.

"ಹೊಸ ಟ್ಯಾಂಕಿನ ಮುಚ್ಚಳದ ಮೇಲೆ ಚಿಕ್ಕ ಸ್ಕ್ರೂ ಇದೆಯಲ್ಲ, ಸಡಿಲ ಮಾಡಿದ್ರಾ?" ಎಂದರು. "ಗಾಳಿ ಒಳಗೆ ಹೋದ್ರೆ ತಾನೇ ಪೆಟ್ರೋಲ್ ಹೊರಗೆ ಬರೋದು. ಇಷ್ಟು ಓದ್ಕೊಂಡಿದ್ದೀರ."

ಸ್ಕ್ರೂ ತಿರುಗಿಸಿದೆ. ಉಸ್ ಎಂದಿತು. ಹಗ್ಗ ಎಳೆದೆ, ಇಂಜಿನ್ನು ಓಡಿತು. ಅಣ್ಣ ಹುಟ್ಟನ್ನು ಕೆಳಗಿಟ್ಟು, "ಏನಾಗಿತ್ತೋ?" ಎಂದ. ಕ್ಷಮೆ ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. "ಕಾರ್ಬುರೇಟರಿನಲ್ಲಿ ಒತ್ತಡದ ವ್ಯತ್ಯಾಸ ಆಗಿತ್ತು, ಸರಿ ಮಾಡ್ದೆ" ಎಂದು ನಾನು ಹೇಳಿದೆ. ಅಣ್ಣ ನನ್ನನ್ನು ಬಹಳ ಮೆಚ್ಚುಗೆಯಿಂದ ನೋಡಿದ. "ಅದಕ್ಕೇ ನಾನು ಕೇಳ್ಲಿಲ್ಲ ಮಾರಾಯ. ನಿನ್ನ ಹತ್ರ ಇದ್ರೆ ಜೋಪಾನವಾಗಿರುತ್ತೆ ಅಂತ ಗೊತ್ತಿತ್ತು" ಎಂದ. ಆಚೆ ದಡ ಮುಟ್ಟುವ ತನಕ ನಾನು ನೀರನ್ನೇ ನೋಡುತ್ತಿದ್ದೆ.

ಅಣ್ಣ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಹೊಳೆಯ ನಡುವೆ ನಿಂತ ಇಂಜಿನ್ನನ್ನು ನನ್ನ ತಮ್ಮ ಬರಿಗೈಯಲ್ಲಿ ಬದುಕಿಸಿದ ಎಂದು ಊರೂರಿಗೆ ಹೇಳಿದ್ದಾನೆ. ಈಗ ನಮ್ಮ ಮನೆಗೆ ಜನ ಬರುತ್ತಾರೆ. ಮೊನ್ನೆ ಆಯನೂರಿನಿಂದ ಒಬ್ಬರು ಕಳೆ ಕೊಚ್ಚುವ ಮಿಷಿನ್ನನ್ನು ಹೆಗಲ ಮೇಲೆ ಹೊತ್ತು ತಂದರು. ನಾನು ಟ್ಯಾಂಕಿನ ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಮೂಸಿ, ಸಾಧ್ಯವಾದಷ್ಟು ತಿರಸ್ಕಾರದಿಂದ, "ಎಷ್ಟು ವರ್ಷ ಆಯ್ತು ಈ ಪೆಟ್ರೋಲ್ ಹಾಕಿ?" ಎಂದು ಕೇಳಿದೆ.

"ಇವತ್ತು ಬೆಳಿಗ್ಗೆ ಹಾಕ್ಸಿದ್ದು ಸಾರ್" ಎಂದರು ಆತ. "ಇಂಜಿನ್ ಚೆನ್ನಾಗೇ ಓಡುತ್ತೆ. ಬ್ಲೇಡ್ ತಿರುಗಲ್ಲ, ಅಷ್ಟೇ."

ನಾನು ಗಂಭೀರವಾಗಿ ತಲೆಯಾಡಿಸಿ, ಮುಚ್ಚಳ ಹಾಕಿ, ಒಳಗಿದ್ದ ಸುಮಿತ್ರೆಯನ್ನು ಭದ್ರಾವತಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.