ಕುಂಬಳದ ಗೋತ್ರ

ನಮ್ಮ ಸೋದರತ್ತೆ ನೂರಾರು ಮದುವೆ ಮಾಡಿಸಿದ್ದಾಳೆ. ಒಂದಕ್ಕೂ ಊಟ ಹಾಕಿಸಿಲ್ಲ! ಗಾಬರಿ ಬೇಡ, ವಧೂವರರೆಲ್ಲ ಪುಣೆಯ ನಮ್ಮ ವಾಡೆಯ ಹಿತ್ತಲಿನ ಕುಂಬಳದ ಹೂಗಳು.

ಮನುಷ್ಯರ ಮದುವೆಗೆ ಮಾತ್ರ ಅವಳು ಹೋಗುತ್ತಿರಲಿಲ್ಲ. ಹತ್ತನೆಯ ವಯಸ್ಸಿಗೇ ವಿಧವೆಯಾದವಳು. ಬಂಧುಗಳ ಮದುವೆಗೆ ಹಪ್ಪಳ, ಸಂಡಿಗೆಗಳನ್ನೆಲ್ಲ ತಾನೇ ಮಾಡಿಟ್ಟು, ವಾದ್ಯದ ಸದ್ದು ಕೇಳಿದೊಡನೆ ಹಿತ್ತಲು ಸೇರುವಳು. ನನ್ನ ಅಕ್ಕನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. “ನನ್ನ ಲಗ್ನದಾಗ ನೀ ಮುಂದ ನಿಂದ್ರಬೇಕು” ಎಂದು ಅಕ್ಕನ ಹಟ. “ನಿಂದ್ರಂಗಿಲ್ಲ” ಎಂದು ಅತ್ತೆಯ ಹಟ. ಈ ಮೊಕದ್ದಮೆ ಹೇಗೆ ಇತ್ಯರ್ಥವಾಯಿತೆಂದು ಹೇಳಲು ಹೊರಟಿದ್ದೇನೆ. ನಡುವೆ ಕುಂಬಳ ಅಡ್ಡ ಬರುತ್ತದೆ, ಓದುಗರು ಸಹಿಸಬೇಕು.

ಕಿಡಿ ಹಚ್ಚಿದವನು ನಾನೇ. ಬದುಕಿಡೀ ಶಾಸನಗಳ ಕಾಲನಿರ್ಣಯ ಮಾಡಿ ನಿವೃತ್ತನಾದ ನನಗೆ ಈ ಘಟನೆಯ ವರ್ಷ ಮಾತ್ರ ಇನ್ನೂ ಖಚಿತವಾಗಿಲ್ಲ. ಯುದ್ಧ ನಡೆದಿತ್ತು, ಸೀಮೆಎಣ್ಣೆಗೆ ಸರದಿ ನಿಲ್ಲುತ್ತಿದ್ದೆವು ಎಂಬಷ್ಟಕ್ಕೆ ಸಾಕ್ಷ್ಯವಿದೆ. ಹೈಸ್ಕೂಲಿನಲ್ಲಿ ಕಲಿತ ಪಾಠವನ್ನು ಅಡುಗೆಮನೆಯಲ್ಲಿ ಒಪ್ಪಿಸಿದೆ: ಕುಂಬಳದ ಒಂದೇ ಬಳ್ಳಿಯಲ್ಲಿ ಗಂಡು ಹೂವೂ ಇರುತ್ತದೆ, ಹೆಣ್ಣು ಹೂವೂ ಇರುತ್ತದೆ; ಗಂಡಿನ ಪರಾಗವನ್ನು ದುಂಬಿ ಹೆಣ್ಣಿಗೆ ಮುಟ್ಟಿಸಿದರೆ ಕಾಯಿ.

ಅತ್ತೆಯ ಕೈಯ ಸೌಟು ಅಲ್ಲೇ ನಿಂತಿತು.

“ಒಂದ ಬಳ್ಳ್ಯಾಗ? ಅಂದ್ರ ಅಣ್ಣಾ ತಂಗಿ ಅಲ್ಲೇನೋ!”

“ಬಳ್ಳಿಗೆ ಅದೆಲ್ಲಾ ಇರಂಗಿಲ್ಲ, ಅತ್ತಿ.”

“ಬಳ್ಳಿಗೆ ಇರಲಿಕ್ಕಿಲ್ಲ. ಅದು ಇರೋದು ಯಾರ ಹಿತ್ತಲದಾಗ?”

ಅಂದಿನಿಂದ ನಮ್ಮ ಕುಂಬಳಕ್ಕೆ ನಮ್ಮದೇ ಕಾಶ್ಯಪ ಗೋತ್ರ ಪ್ರಾಪ್ತವಾಯಿತು. ಸಂಜೆ ಹೊತ್ತು ಅತ್ತೆ ಮರುದಿನ ಅರಳಲಿರುವ ಹೆಣ್ಣು ಮೊಗ್ಗುಗಳ ಬಾಯಿಗೆ ದಾರ ಸುತ್ತುವಳು. ಗೋತ್ರ ಕೇಳದೆ ಲಗ್ನ ಹಚ್ಚುವ ದಲ್ಲಾಳಿಯೆಂದು ದುಂಬಿಯ ಮೇಲೆ ಅವಳಿಗೆ ಕಿಂಚಿತ್ತೂ ವಿಶ್ವಾಸವಿರಲಿಲ್ಲ! ಬೆಳಿಗ್ಗೆ ಅನ್ಯಗೋತ್ರದವರ ಹಿತ್ತಲಿನಿಂದ ಗಂಡು ಹೂವನ್ನು ಸೆರಗಿನಲ್ಲಿ ಮುಚ್ಚಿ ತಂದು, ದಾರ ಬಿಚ್ಚಿ, ಪರಾಗ ಮುಟ್ಟಿಸಿ, ಮತ್ತೆ ಬಿಗಿಯುವಳು.

ಒಮ್ಮೆ ಪಕ್ಕದ ವಾಡೆಯ ಮರಾಠಿ ಆಜಿ ತಾವಾಗಿಯೇ ಒಂದು ಗಂಡು ಹೂವು ತಂದುಕೊಟ್ಟರು. ಅತ್ತೆ ಕೈ ಚಾಚಿದವಳು ಹಿಂತೆಗೆದಳು. ಆ ಬಳ್ಳಿಯ ಬೀಜ ಎಲ್ಲಿಯದು? ವಿಚಾರಣೆಯಿಂದ ತಿಳಿದದ್ದು: ಹಿಂದಿನ ವರ್ಷ ನಾವೇ ಕೊಟ್ಟ ಕುಂಬಳಕಾಯಿಯದು! ಸಂಬಂಧ ಅಲ್ಲಿಗೇ ಮುರಿಯಿತು. “ಅಹೋ, ಫುಲಾಲಾ ಕಸಲಂ ಗೋತ್ರ?” ಎಂದು ಆಜಿ ಹಣೆ ಚಚ್ಚಿಕೊಂಡರು. ಹೂವಿಗೆಂಥ ಗೋತ್ರ ಎಂದು ಕೇಳಿದ ಪುಣೆಯ ಮೊದಲ ಸುಧಾರಕಿ ಅವರೇ ಇರಬೇಕು.

ಇನ್ನು ಸ್ವಾತಂತ್ರ್ಯದ ವರ್ಷ. ಪಂಚಾಂಗ ತೆಗೆದು ತಾಳೆ ನೋಡಿದ್ದೇನೆ. ಆಗಸ್ಟ್ ಹದಿನೈದು ಅಧಿಕ ಶ್ರಾವಣದಲ್ಲೇ ಬಿದ್ದಿತ್ತು. ಲಗ್ನಗಳಿಲ್ಲದ ಚಾತುರ್ಮಾಸದಲ್ಲಿ ಕುಂಬಳಕ್ಕೆ ಅತ್ತೆ ರಿಯಾಯಿತಿ ಕೊಟ್ಟಿದ್ದಳು, ಏಕೆಂದರೆ ಮಳೆಗಾಲ ಬಿಟ್ಟರೆ ಅದಕ್ಕೆ ಬೇರೆ ಗತಿಯಿಲ್ಲ. ಅಧಿಕ ಮಾಸಕ್ಕೆ ಮಾತ್ರ ರಿಯಾಯಿತಿಯಿಲ್ಲ! ಊರೆಲ್ಲ ಬಾವುಟ ಹಾರಿಸುತ್ತಿರುವಾಗ ನಮ್ಮ ಹಿತ್ತಲಿನ ಹೆಣ್ಣು ಹೂಗಳೆಲ್ಲ ಬಾಯಿಗೆ ದಾರ ಕಟ್ಟಿಸಿಕೊಂಡು ಬಂಧನದಲ್ಲಿದ್ದವು. ಇಂಗ್ಲಿಷರು ಹೋಗಬಹುದಾದ ತಿಂಗಳಲ್ಲಿ ಕುಂಬಳ ಕಾಯಿ ಬಿಡಬಾರದೇ? ಕೇಳುವ ಧೈರ್ಯ ಯಾರಿಗಿತ್ತು!

ಅದೇ ವರ್ಷ ಆಶ್ವೀಜದಲ್ಲಿ ಅಕ್ಕನನ್ನು ನೋಡಲು ವರ ಬಂದ. ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವವನು. ಕಿಟಕಿಯಿಂದ ದಾರ ಸುತ್ತಿದ ಮೊಗ್ಗುಗಳನ್ನು ಕಂಡದ್ದೇ ತಡ, ಉಪ್ಪಿಟ್ಟು, ಕನ್ಯೆ ಎರಡನ್ನೂ ಬಿಟ್ಟು ಹಿತ್ತಲಿಗೆ ಓಡಿದ.

“ಯಾರ್ರೀ ಇದನ್ನ ಕಟ್ಟಿದವರು? ಭಾಳ ಛಲೋ ಕೆಲಸಾರಿ! ಎಷ್ಟೋ ಗಿಡಾ ತಮ್ಮ ಪರಾಗಾ ತಾವ ಒಲ್ಲೆ ಅಂತಾವ. ಹೊರಗಿಂದು ಬಂದ್ರ ಮುಂದಿನ ಸಂತಾನ ಗಟ್ಟಿ.”

“ಕೇಳಿದೇನೋ?” ಎಂದು ಅತ್ತೆ ನನ್ನತ್ತ ತಿರುಗಿದಳು. “ಗಿಡಕ್ಕ ತಿಳದದ್ದು ನಿನಗ ತಿಳೀಲಿಲ್ಲ!” ಆಮೇಲೆ ವರನಿಗೆ: “ತಮ್ಮಾ, ನಿಮ್ಮ ಗೋತ್ರ ಯಾವುದು?”

“ಭಾರದ್ವಾಜರಿ.”

“ನಮ್ಮದು ಕಾಶ್ಯಪ. ಕಾಯಿ ಹಿಡೀತದ ಬಿಡು!”

ಅಪ್ಪ ಕೆಮ್ಮಿದರು, ಅಕ್ಕ ಒಳಗೋಡಿದಳು, ಲಗ್ನ ನಿಶ್ಚಯವಾಯಿತು.

ಮದುವೆ ಮಾರ್ಗಶಿರದಲ್ಲಿ. (ಕಾರ್ತೀಕವೆನ್ನುವವರು ನಮ್ಮ ಮನೆಯಲ್ಲಿದ್ದಾರೆ, ನಾನು ಲಗ್ನಪತ್ರಿಕೆ ನೋಡಿ ಹೇಳುತ್ತಿದ್ದೇನೆ.) ಮುಹೂರ್ತ ಹತ್ತಿರವಾದರೂ ಅಕ್ಕ ಕೋಣೆಯಿಂದ ಹೊರಬರಲಿಲ್ಲ. “ಅತ್ತಿ ಬಂದ್ರ ನಾ ಬರ್ತೀನಿ.” ಅತ್ತೆ ಹಿತ್ತಲಿನ ಕಟ್ಟೆ ಬಿಟ್ಟು ಏಳಲಿಲ್ಲ. “ಮಂಗಳ ಕಾರ್ಯ ಅದ. ನನ್ನ ನೆರಳ ಬೀಳಬಾರದು.” ಅಪ್ಪ ಇಬ್ಬರ ನಡುವೆ ಓಡಾಡಿ ಬೆವೆತರು. ಕೊನೆಗೆ ಬಾಸಿಂಗ ಕಟ್ಟಿಕೊಂಡ ವರನೇ ಹಿತ್ತಲಿಗೆ ಬಂದ! ಬಾಸಿಂಗ ಒಣಗಿದ ಬಳ್ಳಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಳ್ಳುತ್ತಲೇ ಕೇಳಿದ:

“ಅತ್ತೀ, ಮಂಟಪದ ಬಾಗಲಕ್ಕ ಬಾಳಿಗಿಡ ಕಟ್ಟ್ಯಾರಲ್ಲ, ಅದರ ಲಗ್ನಾ ಯಾವಾಗ ಆತ್ರಿ?”

“ಬಾಳಿಗಿಡಕ್ಕ ಎಂಥಾ ಲಗ್ನಾನೋ! ಗಂಡಿನ ಹಂಗಿಲ್ಲ, ಬೀಜಿಲ್ಲ. ತಾಯಿ ಬುಡದಾಗಿಂದ ಮರಿ ಏಳ್ತದ.”

“ಲಗ್ನಾನ ಇಲ್ಲದ್ದು ಬಾಗಲದಾಗ ನಿಂತ್ರ ಮಂಗಳ. ನಮ್ಮಾಕಿನ್ನ ಬೆಳಸಿದವರು ನಿಂತ್ರ ಹೆಂಗ್ರಿ ಅಮಂಗಳ?”

ಅತ್ತೆ ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಅವನ ಹಿಂದೆಯೇ ನಡೆದಳು.

ಮಂಟಪದಲ್ಲಿ ಅಂತಃಪಟ ಸರಿಯಿತು. ಎಲ್ಲರೂ ಅಕ್ಷತೆ ಹಾಕಿದರು, ಅತ್ತೆಯೂ ಹಾಕಿದಳು. ಅವಳ ಮುಷ್ಟಿಯ ಅಕ್ಕಿ ಅಷ್ಟೂ ಹೋಗಿ ಪುರೋಹಿತರ ಬೋಳುತಲೆಯ ಮೇಲೆ ಬಿತ್ತು. ನಾವೆಲ್ಲ ಗೊಳ್ಳೆಂದು ನಕ್ಕೆವು. ಅಕ್ಕ ನಗಲಿಲ್ಲ. ಹತ್ತನೆಯ ವಯಸ್ಸಿನಿಂದ ಒಂದು ಕಾಳೂ ಎಸೆಯದ ಕೈಗೆ ಗುರಿ ಎಲ್ಲಿಂದ ಬರಬೇಕು? ಅಕ್ಕ ತನ್ನ ಬೊಗಸೆಯ ಅಕ್ಷತೆಯನ್ನು ಅತ್ತೆಯ ಕೈಗೆ ಸುರಿದು, ಇನ್ನೊಮ್ಮೆ ಹಾಕೆಂದು, ತಲೆ ತಗ್ಗಿಸಿ ತೀರ ಹತ್ತಿರಕ್ಕೆ ಬಂದು ನಿಂತಳು.